ಮಂಡಳಿಯ ಮರುಕ

ಕುದಿಯುವ ಸಾಬೂನಿನ ವಾಸನೆ. ಚಿಕ್ಕಂದಿನಲ್ಲಿ ಅಪ್ಪನ ಅಂಗಿಗೆ ಮೂಗೊತ್ತಿದರೆ ಬರುತ್ತಿದ್ದುದು ಅದೇ. ಈಗ ಅಪ್ಪ ದುಡಿದ ಅದೇ ಸಾಬೂನು ಕಾರ್ಖಾನೆಯ ಉಪವ್ಯವಸ್ಥಾಪಕಿ ಅವಳು. ಸಂದರ್ಶನದ ಕೋಣೆಯಲ್ಲಿ ಕುಳಿತಲ್ಲಿಗೇ, ಕೆಳಗೆ ಮೂರನೇ ಕೊಪ್ಪರಿಗೆ ತಳ ಹಿಡಿಯುತ್ತಿದೆ ಎಂದು ಅವಳ ಮೂಗು ಹೇಳಿತು. ಎದುರಿಗಿದ್ದ ಮೂವರು ನಿರ್ದೇಶಕರ ಗಮನಕ್ಕೆ ಬಂದದ್ದು ಬಿಸ್ಕತ್ತು ಮೆತ್ತಗಾಗಿದೆ ಎಂಬುದಷ್ಟೇ.

ಪ್ರಧಾನ ವ್ಯವಸ್ಥಾಪಕರ ಕುರ್ಚಿಗೆ ಇದು ಅವಳ ನಾಲ್ಕನೇ ಪ್ರಯತ್ನ. ಹಿಂದಿನ ಮೂರು ಸಲವೂ ಅವಳೇ ಕೆಲಸ ಕಲಿಸಿದ ಗಂಡಸರು ಅದರಲ್ಲಿ ಕೂತು, ಬೆವರಿ, ಎದ್ದುಹೋಗಿದ್ದರು. ನಿವೃತ್ತಿಗೆ ಎರಡೇ ವರ್ಷ. ಇನ್ನೊಂದು ಅವಕಾಶ ಬರುವುದಿಲ್ಲ. ಬೆಳಿಗ್ಗೆ ಗಂಡ ತಾನೇ ಅವಳ ಬಟ್ಟೆಗೆ ಇಸ್ತ್ರಿ ಹಾಕಿ, ಈ ಸಲ ಕೊಡದೆ ಎಲ್ಲಿ ಹೋಗುತ್ತಾರೆ ಎಂದು ಧೈರ್ಯ ಹೇಳಿದ್ದ. ಇಲ್ಲೇ ಮಾರಾಟ ವಿಭಾಗದಲ್ಲಿದ್ದ ಅವನಿಗೂ ಆ ಕುರ್ಚಿಯೇ ಮೇಲಧಿಕಾರಿ.

"ಭಾನುವಾರ ಬಾಯ್ಲರ್ ಕೆಟ್ರೆ ಏನ್ ಮಾಡ್ತೀರಮ್ಮ?" ದಪ್ಪ ನಿರ್ದೇಶಕರು ಕೇಳಿದರು.

"ಹೋದ ತಿಂಗಳು ಮಾಡಿದ್ದನ್ನೇ ಸರ್. ನಿಮಗೆ ಮೂರು ಸಲ ಫೋನ್ ಮಾಡಿ, ಆಮೇಲೆ ನಾನೇ ರಿಪೇರಿ ಮಾಡಿಸ್ತೀನಿ."

ಅಧ್ಯಕ್ಷರು ಕೆಮ್ಮಿದರು. ಅವಳ ಸಾಮರ್ಥ್ಯದ ಬಗ್ಗೆ ಎರಡು ಮಾತಿಲ್ಲವಂತೆ. ಆದರೆ ಆ ತಲೆಸುತ್ತು, ಆ ಸುಸ್ತು! ಹೆಣ್ಣುಮಗಳನ್ನು ಅಷ್ಟು ದಂಡಿಸಿ ಪಾಪ ಕಟ್ಟಿಕೊಳ್ಳಲು ಮಂಡಳಿಗೆ ಮನಸ್ಸಿಲ್ಲವಂತೆ. ಕುರ್ಚಿ ಈ ಸಲ ಅವಳ ಸಹಾಯಕನಿಗೆ. ಕೊಪ್ಪರಿಗೆಯ ಹತ್ತಿರ ಹೋದರೆ ಕರವಸ್ತ್ರದಿಂದ ಮೂಗು ಮುಚ್ಚಿಕೊಳ್ಳುವ ಮಹಾಶಯನಿಗೆ.

ಅವಳ ಮೈ ಉರಿಯಿತು. ಎಂದೋ ಒಮ್ಮೆ, ಹೆರಿಗೆಯಾದ ಹೊಸತರಲ್ಲಿ, ಅಡುಗೆಮನೆಯಲ್ಲಿ ತಲೆ ಸುತ್ತಿ ಬಿದ್ದದ್ದುಂಟು. ಕಾರ್ಖಾನೆಯಲ್ಲಿ ಆ ಸುದ್ದಿ ಎತ್ತಿದವಳಲ್ಲ. ಈ ಸಹಾಯಕನೇ ಎಲ್ಲಿಂದಲೋ ಕೆದಕಿ, ಇಲ್ಲಿ ಊದಿರಬೇಕು.

"ಯಾರ್ ಹೇಳಿದ್ದು ಸರ್?"

ತಮ್ಮ ಒಳ್ಳೆಯತನಕ್ಕೆ ತಾವೇ ಕರಗಿದ ಅಧ್ಯಕ್ಷರು ಕಡತದಿಂದ ನಾಲ್ಕು ಕಾಗದ ತೆಗೆದು ಮುಂದೆ ತಳ್ಳಿದರು. ಒಂದೊಂದು ಸಂದರ್ಶನಕ್ಕೂ ಒಂದೊಂದು. "ನಿಮಗೆ ತಿಳೀಬಾರ್ದು ಅಂತ ಬೇಡ್ಕೊಂಡಿದಾರೆ. ಆದ್ರೂ ನೋಡಿ, ನಾವು ಸುಮ್‌ಸುಮ್ನೆ ತಡೀತಿಲ್ಲ."

ಅವಳು ಮೊದಲ ಸಾಲು ಓದಿದಳು. ಗುರುತಿಸಲು ಕೈಬರಹವೇ ಸಾಕಾಯಿತು, ಸಹಿಯವರೆಗೆ ಹೋಗಲಿಲ್ಲ. ಕಾಗದಗಳನ್ನು ಅಂಚಿಗೆ ಅಂಚು ಕೂಡಿಸಿ ಹಿಂದಕ್ಕೆ ಸರಿಸಿ, ಮೂವರಿಗೂ ನಮಸ್ಕಾರ ಹೇಳಿ ಹೊರಗೆ ಬಂದಳು.

ಬಾಗಿಲಾಚೆ ಗಂಡ ಕಾಯುತ್ತಿದ್ದ. ಅವಳು ಬಾಯಿ ತೆರೆಯುವ ಮೊದಲೇ, "ಹೋಗ್ಲಿ ಬಿಡು, ನಿನ್ನ ಆರೋಗ್ಯ ಮುಖ್ಯ," ಎಂದು, ಆ ನಾಲ್ಕೂ ಕಾಗದ ಬರೆದ ಕೈಯಿಂದಲೇ ಊಟದ ಡಬ್ಬಿಯನ್ನು ಮೆಲ್ಲಗೆ ಅವಳ ಕೈಗಿಟ್ಟ.