ಏಳನೆಯ ದೇಶ

ಲ್ಯೂಬೆನ್ ತ್ಸಾಚೆವ್ ಡ್ಯಾನ್ಯೂಬ್ ನದಿಯಲ್ಲಿ ದೋಣಿ ಮಗುಚಿ ತೀರಿಕೊಂಡ ಸುದ್ದಿ ವಿದಿನ್ ಪಟ್ಟಣಕ್ಕೆ ಸೋಮವಾರ ಬೆಳಿಗ್ಗೆ ಬಂತು. ನಿರ್ವಂಶವಾಯಿತೆಂದು ಎಲ್ಲರೂ ಕೈಬಿಟ್ಟಿದ್ದ ಸ್ಟರ್ಜನ್ ಮೀನು ಬಲ್ಗೇರಿಯದ ದಡದಲ್ಲಿ ಇನ್ನೂ ಮೊಟ್ಟೆಯಿಡುತ್ತದೆ ಎಂದು ಕಂಡುಹಿಡಿದವನು ಅವನೇ. ಅವನಿಗೆ ಪಾಠ ಹೇಳಿದ್ದ ವೃದ್ಧೆ ರಾಯ್ನಾ ಗೆಂಚೆವಾ ಸತ್ತವನ ಹೆಸರಿನಲ್ಲಿ ಹಂಚುವ ಗೋಧಿಯನ್ನು ಬೇಯಲು ಇಟ್ಟಿದ್ದರು. ಆಗ ಹಾಲೆಂಡಿನಿಂದ ಫೋನು ಬಂತು. ಐರೋಪ್ಯ ಒಕ್ಕೂಟದ ಅನುದಾನದಲ್ಲಿ ಏಳು ದೇಶಗಳು ಸೇರಿ ನಡೆಸುತ್ತಿದ್ದ ಆ ಮೀನಿನ ಸಂಶೋಧನೆಗೆ ಮುಖ್ಯಸ್ಥನಾದ ವೌಟರ್ ಮಾತನಾಡಿದ.

"ತುಂಬ ದುಃಖ ಆಯ್ತು ಮೇಡಂ. ಲ್ಯೂಬೆನ್ ನಮಗೆ ಮನೆಯವನ ಹಾಗಿದ್ದ. ಆದ್ರೆ ಗುರುವಾರ ಬ್ರಸೆಲ್ಸ್‌ನವರ ತಪಾಸಣೆ ಇದೆ. ಒಂದು ದೇಶ ಕಮ್ಮಿ ಆದ್ರೂ ಯೋಜನೆ ನಿಂತುಹೋಗುತ್ತೆ. ಅವನ ಜಾಗದಲ್ಲಿ ನೀವು ಕೂತ್ಕೋಬೇಕು."

"ಇನ್ನೂ ಮಣ್ಣು ಮಾಡಿಲ್ಲ ಕಣಪ್ಪಾ."

"ಗುರುವಾರದ ಹೊತ್ತಿಗೆ ಆಗಿರುತ್ತಲ್ವಾ?"

ರಾಯ್ನಾ ಒಲೆ ಆರಿಸಿದರು. "ಕೂತ್ಕೋತೀನಿ. ಆದ್ರೆ ಆ ಮೀನು ಕಂಡಿದ್ದು ಲ್ಯೂಬೆನ್ ಅಂತ ಎಲ್ಲರ ಮುಂದೆ ಹೇಳ್ಬೇಕು. ಇಷ್ಟು ದಿನ ನಿಮ್ಮ ಒಂದು ವರದಿಯಲ್ಲೂ ಅವನ ಹೆಸರಿಲ್ಲ."

"ಖಂಡಿತ ಮೇಡಂ. ಹೆಸರು, ಫೋಟೋ ಎರಡೂ ಹಾಕ್ತೀವಿ."

ಗುರುವಾರ ಏಳು ದೇಶಗಳ ಮುಖಗಳು ಕಂಪ್ಯೂಟರಿನ ಪರದೆಯ ಮೇಲೆ ಸೇರಿದವು. ವೌಟರ್ ಒಂದು ನಿಮಿಷದ ಮೌನ ಕೋರಿದ. ಕಪ್ಪು ಅಂಚಿನ ಭಾವಚಿತ್ರವೊಂದು ಮೂಡಿತು. ಕೆಳಗೆ "ಸ್ಟರ್ಜನ್ ಕಂಡವರು: ಲ್ಯೂಬೆನ್ ತ್ಸಾಚೆವ್" ಎಂದು ಒಂದಕ್ಷರವೂ ತಪ್ಪದೆ ಬರೆದಿತ್ತು. ಚಿತ್ರ ಮಾತ್ರ ಅದೇ ಯೋಜನೆಯಲ್ಲಿದ್ದ, ಆಚೆ ದಡದ ರೊಮೇನಿಯದ ಕೋಸ್ಟೆಲ್ ಬ್ರಾತುವಿನದು. ಕೋಸ್ಟೆಲ್ ಪರದೆಯ ಪಕ್ಕದ ಚೌಕದಲ್ಲೇ ಕಾಫಿಯ ಲೋಟ ಹಿಡಿದು, ತನ್ನ ಚಿತ್ರಕ್ಕೆ ತಾನೇ ತಲೆಬಾಗಿಸಿ ಕುಳಿತಿದ್ದ. ಅವನಿಂದ ರಾಯ್ನಾ ಅವರ ಮೊಬೈಲಿಗೆ ಸಂದೇಶ ಬಂತು: "ಟೀಚರಮ್ಮಾ, ಸುಮ್ನಿದ್ಬಿಡಿ. ತಪ್ಪು ಎತ್ತಿ ತೋರಿಸಿದ್ರೆ ಮುಂದಿನ ಯೋಜನೆಗೆ ನಮ್ಮನ್ನ ಸೇರಿಸ್ಕೊಳ್ಳಲ್ಲ."

ರಾಯ್ನಾ ಸುಮ್ಮನಿರಲಿಲ್ಲ. "ಅದು ಲ್ಯೂಬೆನ್ ಅಲ್ಲ. ಅದು ಕೋಸ್ಟೆಲ್. ಅಗೋ ಬದುಕಿದಾನೆ, ಕಾಫಿ ಕುಡೀತಿದಾನೆ."

ವೌಟರ್‌ನ ಮುಖ ಕೆಂಪಾಯಿತು. "ಛೇ... ನಾಲ್ಕು ವರ್ಷವೂ ಲ್ಯೂಬೆನ್‌ನ ಕ್ಯಾಮೆರಾ ಆಫ್ ಆಗೇ ಇರ್ತಿತ್ತು ಮೇಡಂ."

"ನಮ್ಮ ಕಡೆ ಇಂಟರ್ನೆಟ್ಟು ಕುಂಟುತ್ತೆ. ಮಾತಾದ್ರೂ ನಿಮ್ಮ ಕಿವಿಗೆ ಬೀಳ್ಲಿ ಅಂತ ಆಫ್ ಮಾಡ್ತಿದ್ದ. ಅವನ ಮುಖ ನೋಡ್ಬೇಕಿದ್ರೆ ನಮ್ಮೂರಿಗೆ ಬನ್ನಿ. ಅವನ ಫೋಟೋ ಇರೋ ಸಾವಿನ ಚೀಟಿ ಮರಮರಕ್ಕೂ ಅಂಟಿಸಿದೀವಿ."

ಬ್ರಸೆಲ್ಸ್‌ನ ಅಧಿಕಾರಿಣಿ ಗಡಿಯಾರ ನೋಡಿ, "ಬಲ್ಗೇರಿಯ ಹಾಜರು ಅಂತ ಬರ್ಕೊಳ್ಳಲಾ?" ಎಂದು ಮೆಲ್ಲಗೆ ಕೇಳಿದಳು.

"ಬರ್ಕೊಳ್ಳಿ," ಎಂದ ವೌಟರ್ ಅವಸರದಲ್ಲಿ ಆ ಪುಟವನ್ನೇ ತೆಗೆದುಹಾಕಿದ. ಚಿತ್ರದ ಜೊತೆಗೆ ಹೆಸರೂ ಹೋಯಿತು. ಸಭೆ ಮುಂದುವರಿಯಿತು.

ರಾಯ್ನಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿ ಕಣ್ಣು ಮುಚ್ಚಿದರು. "ಪ್ರಭುವೇ, ನಿನ್ನ ದಾಸ ಲ್ಯೂಬೆನ್ ನಿನ್ನ ಬಾಗಿಲಿಗೆ ಬಂದಿದ್ದಾನೆ. ನೋವಿಲ್ಲದ, ನಿಟ್ಟುಸಿರಿಲ್ಲದ ಕಡೆ ಅವನಿಗೆ ಶಾಂತಿ ಕೊಡು. ನಿನಗಾದರೂ ಅವನ ಮುಖದ ಗುರುತಿದೆ."