ಕೆರೆಯಂಗಳದ ಮನೆಗಳು

ಕೆರೆ ಮುಚ್ಚಿ ಕಟ್ಟಿದ ಮನೆಗಳನ್ನು ಹುಬ್ಬಳ್ಳಿಯ ಗುಜರಾತಿಗಳಿಗೆ ಮಾರಲು ಬಿಲ್ಡರ್ ಸಾಹೇಬರು ಕೇಬಲ್ ಟಿವಿಯಲ್ಲಿ ಗುಜರಾತಿ ಕಾರ್ಯಕ್ರಮವನ್ನೇ ಶುರುಮಾಡಿದರು. ನಿರೂಪಕಿ ನಾನು.

“ನಿಮ್ಮ ಭಾಷಾ ನನಗ ಒಂದಕ್ಷರ ತಿಳಿಯಂಗಿಲ್ಲವ್ವಾ. ನೀ ನಕ್ಕೊಂತ ಮಾತಾಡು, ಅಷ್ಟ ಸಾಕು,” ಎಂದರು.

ನೇರಪ್ರಸಾರದಲ್ಲಿ ನಗುತ್ತಲೇ, ಅಜ್ಜಿ ನನಗೆ ಕತೆ ಹೇಳುತ್ತಿದ್ದ ಗುಜರಾತಿಯಲ್ಲಿ ಹೇಳಿದೆ: “ಇದು ಕೆರೆಯಂಗಳ. ಮಳೆ ಹಿಡಿದರೆ ಅಡುಗೆಮನೆಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ದಯವಿಟ್ಟು ಕೊಳ್ಳಬೇಡಿ.” ಮೂರು ಸಲ ಹೇಳಿದೆ.

ಕ್ಯಾಮೆರಾ ಹಿಂದೆ ನಿಂತಿದ್ದ ಸಾಹೇಬರು ಭೇಷ್ ಎಂಬಂತೆ ಕೈಯೆತ್ತಿದರು.

ಮೊದಲ ಫೋನ್ ಬಂತು. ವಯಸ್ಸಾದ ಗುಜರಾತಿ ಹೆಂಗಸು ಬಿಕ್ಕುತ್ತಿದ್ದಳು.

“ಮಗಳೇ, ಈ ಊರಿನ ಟಿವಿಯಲ್ಲಿ ನಮ್ಮ ಮಾತು ಕೇಳಿದ್ದು ನಲವತ್ತು ವರ್ಷಕ್ಕೆ ಇದೇ ಮೊದಲು. ನನ್ನ ಅಳುವಿನಲ್ಲಿ ನೀನು ಏನು ಹೇಳಿದೆಯೋ ಕಿವಿಗೇ ಬೀಳಲಿಲ್ಲ. ನಮಗೆ ಎರಡು ಮನೆ ಬರೆದುಕೋ.”