ಸಾಲಿನಲ್ಲೊಬ್ಬ ಅಧಿಕಾರಿ

ಡಾಕ್ಟರ್ ಗುರುಬಸವರಾಜನ ಕಾರು ಸಾಸ್ವೆಹಳ್ಳಿಯ ಕೋಳಿಗಳನ್ನು ಚದುರಿಸಿ, ಬೈಗುಳ ತಿಂದು, ನಿಲ್ಲದೆ ಊರಿನ ಸರ್ಕಾರಿ ಆಸ್ಪತ್ರೆಯತ್ತ ಓಡಿತು. ನರ್ಸ್ ಶಾಂತಲಾ ಫೋನಿನಲ್ಲಿ ಹೇಳಿದ್ದು ಇಷ್ಟೇ:

“ಮೇಲಿನೋರು ತಪಾಸಣೆಗೆ ಬರ್ತಾರಂತೆ ಸರ್. ರೋಗಿ ವೇಷದಾಗೆ ಸಾಲಲ್ಲಿ ಕೂರ್ತಾರಂತೆ. ಈಗ್ಲೇ ಬರ್ರಿ, ಇಲ್ಲಾಂದ್ರೆ ಕೆಲಸಕ್ಕೇ ಕುತ್ತು.”

ಸಂಬಳ ಹಳ್ಳಿ ಆಸ್ಪತ್ರೆಯದು, ಕೂರುವುದು ಹೊನ್ನಾಳಿಯ ಸ್ವಂತ ಕ್ಲಿನಿಕ್ಕಿನಲ್ಲಿ. ತಿಂಗಳುಗಟ್ಟಲೆ ನಡೆದಿದ್ದ ಈ ಏರ್ಪಾಟು ಇಂದು ಮುಳುಗುವುದರಲ್ಲಿತ್ತು.

ಆಸ್ಪತ್ರೆಯ ಜಗಲಿ ತುಂಬ ಜನ. ಇವರಲ್ಲಿ ಅಧಿಕಾರಿ ಯಾರು? ಕೆಮ್ಮುತ್ತಿದ್ದವನ ಚಪ್ಪಲಿ ಹೊಸದು. ಗುರುಬಸವರಾಜ ಕೈ ಮುಗಿದ.

“ಬನ್ನಿ ಸರ್, ಕೂತ್ಕೊಳ್ಳಿ.”

“ಸರ್ರಾ? ನಾನು ಎಮ್ಮೆ ಕಾಯೋ ರೇವಣ್ಣ ಕಣ್ರೀ! ನೀವೇನಾ ಡಾಕ್ಟ್ರು? ಹುಲಿ ನೋಡಿದಂಗಾತು ಬಿಡ್ರಿ.”

ಸಾಲು ಗೊಳ್ಳೆಂದಿತು. ಇದೂ ನಾಟಕವಿರಬಹುದು. ಊರವರ ಒಂದು ಮುಖವಾದರೂ ಅವನಿಗೆ ಗೊತ್ತಿದ್ದರೆ ತಾನೆ!

ಶಾಂತಲಾ ಅವನ ತೋಳು ಹಿಡಿದೇ ಎಳೆದಳು. “ಮೊದ್ಲು ಇವ್ರನ್ನ ನೋಡ್ರಿ ಸರ್.” ಆ ನೋಟದಲ್ಲಿ ಏನೋ ಇತ್ತು. ಅಧಿಕಾರಿಯ ಸುಳಿವು ಸಿಕ್ಕಿತು ಎಂದುಕೊಂಡ.

ಬೆಂಚಿನ ಮೇಲೆ ಬುರ್ಖಾ ತೊಟ್ಟ ಮೆಹರಾಜ್ ಬೇಗಂ. ಎದೆ ಮೇಲೆ ಕೈ, ಹಣೆ ತುಂಬ ಬೆವರು. ಬೇರೆ ದಿನವಾಗಿದ್ದರೆ “ಗ್ಯಾಸು, ದಾವಣಗೆರೆಗೆ ಹೋಗಿ” ಎಂದು ಫೋನಿನಲ್ಲೇ ಮುಗಿಸುತ್ತಿದ್ದ. ಇಂದು ಇಸಿಜಿ ಯಂತ್ರದ ಪ್ಲಾಸ್ಟಿಕ್ ಹೊದಿಕೆಯನ್ನು ತಾನೇ ಹರಿದ.

ಹೊರಬಂದ ಕಾಗದವನ್ನು ಅವನು ಎರಡೆರಡು ಸಲ ನೋಡಿದ. ಇದು ವೇಷವಲ್ಲ. ಹೃದಯಾಘಾತ.

ಮಾತ್ರೆ ಅಗಿಸಿದ, ಇಂಜೆಕ್ಷನ್ ಕೊಟ್ಟ, ಶಿವಮೊಗ್ಗದ ಹೃದ್ರೋಗ ವೈದ್ಯರನ್ನು ಫೋನಿನಲ್ಲೇ ಕಾಡಿದ. ನ್ಯಾಮತಿಗೆ ಹೋಗಿದ್ದ ಆಂಬುಲೆನ್ಸ್ ವಾಪಸು ಬಂದು ನಿಲ್ಲುವವರೆಗೂ ಆಕೆಯ ನಾಡಿ ಬಿಡಲಿಲ್ಲ.

“ನಿಮ್ಮಿಂದ ಜೀವ ಉಳೀತು ಸಾಬ್” ಎಂದಳಾಕೆ ಸ್ಟ್ರೆಚರಿನಲ್ಲಿ.

ಅಧಿಕಾರಿ ಮಾತ್ರ ಇನ್ನೂ ಸಾಲಿನಲ್ಲೇ ಇದ್ದಾನೆ! ಗುರುಬಸವರಾಜ ಊಟ ಬಿಟ್ಟು ಎಲ್ಲರ ಎದೆಗೂ ಸ್ಟೆತೊಸ್ಕೋಪ್ ಇಟ್ಟ. ಸುಂಕಲಮ್ಮನ ಮಂಡಿಯನ್ನು ನೆಲದಲ್ಲಿ ಕೂತು ಒತ್ತಿ ನೋಡಿದ. “ದಿನಾ ಹಿಂಗೇ ಬಂದು ನೋಡಾಕೆ ನಿಂಗೇನಪ್ಪ ಕಾಯಿಲೆ?” ಎಂದು ಮುದುಕಿ ತಿವಿದಳು. ಅದನ್ನೂ ನುಂಗಿಕೊಂಡ.

ಸಂಜೆಗೆ ಜಗಲಿ ಖಾಲಿಯಾಯಿತು. ಯಾರೂ ಗುರುತಿನ ಚೀಟಿ ತೆಗೆಯಲಿಲ್ಲ.

“ಶಾಂತಲಾ, ಅವರಲ್ಲಿ ಆಫೀಸರ್ ಯಾರಮ್ಮಾ? ನನ್ನ ಬಗ್ಗೆ ಏನಂದ್ರು?”

ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟಳು.

“ಯಾರೂ ಬಂದಿಲ್ಲ ಸರ್, ಬರೋರೂ ಇರ್ಲಿಲ್ಲ. ಮೆಹರಾಜಮ್ಮಂಗೆ ಎದೆನೋವು ಐತೆ ಅಂತ ಫೋನ್ ಮಾಡಿದ್ರೆ ನೀವು ಬರ್ತಿದ್ರೇನ್ರಿ?”